ಸೆನ್ಸರ್ ಮತ್ತು ನೀರುಗಂಟಿ

ಹಳೆಯ ಮೈಸೂರು ಸೀಮೆಯ ಕೆರೆಯೂರುಗಳಲ್ಲಿ ನೀರುಗಂಟಿ ಎಂಬ ಒಬ್ಬ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು, ಏರಿಯ ಮೇಲೆ ಓಡಾಡಿ ಎಲ್ಲಿ ಬಿಲ ಬಿದ್ದಿದೆ, ಎಲ್ಲಿ ನೀರು ಜಿನುಗುತ್ತಿದೆ ಎಂದು ನೋಡುವುದು, ಮಳೆ ಜೋರಾದ ರಾತ್ರಿ ಕೋಡಿಯ ಬಳಿ ನಿಲ್ಲುವುದು ಅವನ ಕೆಲಸ. ಅವನ ಕೂಲಿ ಸುಗ್ಗಿಯ ಕಣದಲ್ಲಿ ಕಾಳಿನ ರೂಪದಲ್ಲಿ ಸಲ್ಲುತ್ತಿತ್ತು. ಕೆರೆಯಲ್ಲಿ ನೀರು ಎಷ್ಟಿದೆ ಎಂಬುದು ಅವನಿಗೆ ಗೊತ್ತಿತ್ತು. ಅಷ್ಟೇ ಆಗಿದ್ದರೆ ಅವನನ್ನು ಇಲ್ಲಿ ನೆನೆಯಬೇಕಿರಲಿಲ್ಲ. ಕೆರೆಗೆ ಒಂದು ಅಳತೆಗೋಲು ನೆಟ್ಟರೂ ಆ ಸಂಗತಿ ತಿಳಿಯುತ್ತದೆ. ನೀರುಗಂಟಿಗೆ ಮಟ್ಟ ತಿಳಿಯುವುದಕ್ಕೂ ಕೈ ತೂಬಿಗೆ ಹೋಗುವುದಕ್ಕೂ ನಡುವೆ ಅಂತರವಿರಲಿಲ್ಲ. ಈ ಎರಡರ ನಡುವೆ ಇಂದಿನ ನಗರದಲ್ಲಿ ಎಷ್ಟು ದೊಡ್ಡ ಕಂದಕ ಬಿದ್ದಿದೆ, ಅದನ್ನು ದಾಟಲು ಕಲೆ ಏನು ಮಾಡಬಲ್ಲದು ಎಂಬುದು ಈ ಉಪನ್ಯಾಸದ ವಿಷಯ. ಸುಸ್ಥಿರ ನಗರದಲ್ಲಿ ಪರಿಸರ ಕಲೆಯ ಪಾತ್ರವೆಂದರೆ ಗೋಡೆಗೆ ಬಣ್ಣ ಬಳಿಯುವುದೆಂದು ನಮ್ಮ ನಗರಾಡಳಿತಗಳು ತಿಳಿದಿವೆ. ಜನರ ಕಣ್ಣು ತೆರೆಸುವುದೆಂದು ಕಲಾವಿದರು ತಿಳಿದಿದ್ದಾರೆ. ಎರಡೂ ಸಾಲದು. ನಗರದ ಜೋಪಾನದ ಕೆಲಸದೊಳಗೆ ಕಲೆಗೆ ಒಂದು ಜಾಗ ಸಿಕ್ಕಾಗ ಮಾತ್ರ ಅದು ಪರಿಸರ ಕಲೆ ಎನ್ನಿಸಿಕೊಳ್ಳುತ್ತದೆ ಎಂಬುದು ನನ್ನ ವಾದ.

ಕೇಂದ್ರ ಸರ್ಕಾರ 2015ರ ಜೂನ್ 25ರಂದು ಸ್ಮಾರ್ಟ್ ಸಿಟಿ ಯೋಜನೆಯನ್ನು ಆರಂಭಿಸಿತು. ನೂರು ನಗರಗಳು ಆಯ್ಕೆಯಾದವು. ನಮ್ಮ ಪಾಲಿಗೆ ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ಕೊನೆಗೆ ಬೆಂಗಳೂರು ಸೇರಿ ಏಳು ಬಂದವು. ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಅದು ಉಳಿಸಿಹೋದ ಗುರುತುಗಳಲ್ಲಿ ಮುಖ್ಯವಾದದ್ದು ಕಮಾಂಡ್ ಅಂಡ್ ಕಂಟ್ರೋಲ್ ಸೆಂಟರ್. ಗೋಡೆ ತುಂಬ ಪರದೆಗಳು, ಅದರಲ್ಲಿ ಸಿಗ್ನಲ್‌ಗಳ ಕ್ಯಾಮೆರಾ, ಕಸದ ಗಾಡಿಗಳ ಜಿಪಿಎಸ್, ಬೀದಿದೀಪ, ಗಾಳಿಯ ಗುಣಮಟ್ಟದ ಅಂಕಿ. ಇದನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಅಳೆಯದ ನಗರಕ್ಕಿಂತ ಅಳೆಯುವ ನಗರ ಮೇಲು. ಆದರೆ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಯಮಲೂರು, ಬೆಳ್ಳಂದೂರಿನ ಸುತ್ತಮುತ್ತ ನೀರು ನುಗ್ಗಿ ಜನ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದಾಗ, ಮಳೆ ಮುನ್ಸೂಚನೆಗೆಂದೇ ರೂಪಿಸಿದ ‘ಮೇಘ ಸಂದೇಶ’ ಎಂಬ ಆ್ಯಪ್ ಆಗಲೇ ಎರಡು ವರ್ಷ ಹಳೆಯದಾಗಿತ್ತು. (ಹೆಸರಿಟ್ಟವರು ಕಾಳಿದಾಸನನ್ನು ಬಲ್ಲವರೇ ಇರಬೇಕು. ಅವನ ಮೋಡ ಮಾತ್ರ ಸಂದೇಶವನ್ನು ಯಾರಿಗೆ ಮುಟ್ಟಿಸಬೇಕೆಂದು ಕೇಳಿಕೊಂಡೇ ಹೊರಟಿತ್ತು.) ನೀರು ಬರುತ್ತದೆಂದು ತಿಳಿಯದೆ ಊರು ಮುಳುಗಲಿಲ್ಲ. ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ನೀರು ಇಳಿಯುವ ದಾರಿ ಒತ್ತುವರಿಯಾಗಿತ್ತು, ಹೂಳು ತುಂಬಿತ್ತು. ಆ ದಾರಿಯನ್ನು ತನ್ನದೆಂದು ಕಾಯುವವರು ಯಾರೂ ಇರಲಿಲ್ಲ.

ಇದೇ ಯೋಜನೆಯ ವರ್ಷಗಳಲ್ಲಿ ನಗರಗಳಿಗೆ ಕಲೆಯೂ ಬಂತು. ಮೇಲ್ಸೇತುವೆಯ ಕಂಬಗಳಿಗೆ ಹುಲಿ, ನವಿಲು ಬಂದವು. ಸರ್ಕಲ್ಲುಗಳಿಗೆ ಫೈಬರ್ ಪ್ರಾಣಿಗಳು, ಉದ್ಯಾನದ ಬಾಗಿಲಿಗೆ ಊರಿನ ಹೆಸರು ಬರೆದ ಸೆಲ್ಫಿ ಪಾಯಿಂಟ್ ಬಂದವು. ದಿಲ್ಲಿಯ ಸರಾಯ್ ಕಾಲೇ ಖಾನ್ ಬಳಿ 2019ರ ಫೆಬ್ರುವರಿಯಲ್ಲಿ ತೆರೆದ ‘ವೇಸ್ಟ್ ಟು ವಂಡರ್’ ಉದ್ಯಾನ ಈ ಬಗೆಯ ಉತ್ತಮ ಮಾದರಿ ಎಂದು ಹೆಸರು ಮಾಡಿತು. ಸುಮಾರು 150 ಟನ್ ಗುಜರಿಯಿಂದ ತಾಜ್‌ಮಹಲು, ಐಫೆಲ್ ಗೋಪುರ, ಪಿರಮಿಡ್ಡು ಮುಂತಾದ ಏಳು ಅದ್ಭುತಗಳ ಪ್ರತಿಕೃತಿಗಳನ್ನು ಅಲ್ಲಿ ನಿಲ್ಲಿಸಿದ್ದಾರೆ. ಬೆಸುಗೆಯ ಕೈಚಳಕ ಮೆಚ್ಚತಕ್ಕದ್ದೇ. ಆದರೆ ನೋಡುವವನ ಕಣ್ಣು ಐಫೆಲ್ ಗೋಪುರದ ಆಕಾರದ ಮೇಲೆ ನಿಲ್ಲುತ್ತದೆಯೇ ಹೊರತು, ಆ ಕಬ್ಬಿಣ ಎಲ್ಲಿಂದ ಬಂತು, ಯಾರು ಆಯ್ದರು, ನಗರ ಅದನ್ನು ಏಕೆ ಬಿಸಾಡಿತು ಎಂಬಲ್ಲಿಗೆ ಹೋಗುವುದೇ ಇಲ್ಲ. ಕಸ ಅಲ್ಲಿ ವೇಷ ಹಾಕಿಕೊಂಡು ನಿಂತಿದೆ; ವೇಷ ಚೆನ್ನಾಗಿದ್ದಷ್ಟೂ ಒಳಗಿನ ಮನುಷ್ಯ ಮರೆಯಾಗುತ್ತಾನೆ.

ಇದಕ್ಕೆ ನೇರ ಎದುರಾಗಿ ನಿಲ್ಲುವ ಕೆಲಸ ಬೆಂಗಳೂರಿನಲ್ಲೇ ಇದೆ. ಯೋಜನೆ ಆರಂಭವಾದ ಅದೇ 2015ರ ಜೂನ್ ತಿಂಗಳಲ್ಲಿ, ಮೈಸೂರಿನ ಕಲಾಶಾಲೆ ಕಾವಾದಲ್ಲಿ ಕಲಿತ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ನೀರು ತುಂಬಿ ನಿಂತ ದೊಡ್ಡ ಗುಂಡಿಯೊಂದಕ್ಕೆ ಮೊಸಳೆ ಬಿಟ್ಟರು. ಗುಂಡಿಯ ನೀರಿಗೆ ಒಂದಿಷ್ಟು ಹಸಿರು ಬಣ್ಣ, ಮೇಲೆ ನಿಜಗಾತ್ರದ ಮೊಸಳೆಯ ಶಿಲ್ಪ. ದಾರಿಹೋಕರು ನಿಂತು ನಕ್ಕರು, ಫೋಟೊ ತೆಗೆದರು, ಪತ್ರಿಕೆಗಳಲ್ಲಿ ಬಂತು, ದುರಸ್ತಿಯವರು ಓಡಿಬಂದರು. 2019ರ ಸೆಪ್ಟೆಂಬರಿನಲ್ಲಿ ಹೇರೋಹಳ್ಳಿಯ ಕಿತ್ತುಹೋದ ರಸ್ತೆಯಲ್ಲಿ ಅವರು ಗಗನಯಾತ್ರಿಯ ವೇಷದ ನಟನೊಬ್ಬನನ್ನು ನಿಧಾನವಾಗಿ ನಡೆಸಿ ಚಿತ್ರೀಕರಿಸಿದರು. ಚಂದ್ರಯಾನ-2ರ ಸುದ್ದಿ ಎಲ್ಲರ ಬಾಯಲ್ಲಿದ್ದ ದಿನಗಳವು. ಮೊದಲು ಚಂದ್ರನ ನೆಲದಂತೆ ಕಂಡದ್ದು ಪಕ್ಕದಲ್ಲೊಂದು ಆಟೊ ಹಾದುಹೋದ ಕೂಡಲೇ ನಮ್ಮ ರಸ್ತೆಯಾಗಿಬಿಡುತ್ತದೆ. ವಿಡಿಯೊ ಲೋಕವೆಲ್ಲ ಸುತ್ತಿತು, ರಸ್ತೆಗೆ ಜೆಸಿಬಿ ಬಂತು. ಮೊಸಳೆ ಗುಂಡಿಯನ್ನು ಮುಚ್ಚಿಟ್ಟು ಸುಂದರ ಮಾಡಲಿಲ್ಲ, ಗುಂಡಿಯ ಗುಂಡಿತನವನ್ನೇ ಹೆಚ್ಚಿಸಿತು. ದೂರಿನ ಆ್ಯಪಿನಲ್ಲಿ ಒಂದು ಸಂಖ್ಯೆಯಾಗಿದ್ದದ್ದು ಬೀದಿಯಲ್ಲಿ ಒಂದು ಲಜ್ಜೆಯಾಯಿತು. ಸಂಖ್ಯೆಗೆ ಉತ್ತರ ಕೊಡದೆ ಇರಬಹುದು, ಲಜ್ಜೆಗೆ ಕೊಡಲೇಬೇಕು.

ಹಾಗಾದರೆ ಇಲ್ಲಿಗೆ ವಾದ ಮುಗಿಯಿತೇ? ಕಲೆ ತೋರಿಸುತ್ತದೆ, ಆಡಳಿತ ನಾಚಿ ಎಚ್ಚೆತ್ತುಕೊಳ್ಳುತ್ತದೆ ಎಂದು ಹೇಳಿ ಕೈತೊಳೆದುಕೊಳ್ಳಬಹುದೇ? ಬೆಳ್ಳಂದೂರು ಕೆರೆ ಆ ಸಮಾಧಾನಕ್ಕೆ ಅಡ್ಡ ಬರುತ್ತದೆ. ಸುಮಾರು 900 ಎಕರೆಯ ಆ ಕೆರೆಗೆ ಶುದ್ಧಿಯಾಗದ ಕೊಳಚೆಯೂ ಡಿಟರ್ಜೆಂಟಿನ ರಾಸಾಯನಿಕವೂ ಸೇರಿ, ಕೋಡಿಯಲ್ಲಿ ನೀರು ಧುಮುಕುವಾಗ ಕಡೆದಂತಾಗಿ, ನೊರೆ ಎದ್ದು ರಸ್ತೆಗೆ ಹಾರುತ್ತಿತ್ತು. 2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿತು. 2017ರಲ್ಲಿ, 2018ರಲ್ಲಿ ಕೆರೆಯಂಗಳ ಮತ್ತೆ ಹೊತ್ತಿ ಉರಿಯಿತು. ಯಾವ ಕಲಾವಿದನ ಕಲ್ಪನೆಗೂ ಮೀರಿದ ದೃಶ್ಯವದು: ನೀರಿಗೆ ಬೆಂಕಿ ಬಿದ್ದಿದೆ, ಬೀದಿಯಲ್ಲಿ ಹಿಮದಂತೆ ನೊರೆ ಹಾರುತ್ತಿದೆ. ಲೋಕದ ಕ್ಯಾಮೆರಾಗಳೆಲ್ಲ ಬಂದು ನೋಡಿದವು. ಕಾಣಿಸುವುದೇ ಮದ್ದಾಗಿದ್ದರೆ ಬೆಳ್ಳಂದೂರು ವಾರದೊಳಗೆ ತಿಳಿಯಾಗಬೇಕಿತ್ತು. ಗುಂಡಿಗೆ ಒಂದು ಲೋಡು ಡಾಂಬರು ಸಾಕು, ಒಬ್ಬ ಎಂಜಿನಿಯರ್ ಒಂದು ಮಧ್ಯಾಹ್ನದಲ್ಲಿ ಲಜ್ಜೆ ಕಳೆದುಕೊಳ್ಳಬಹುದು. ಕೆರೆಗೆ ಬೇಕಾದದ್ದು ದಶಕಗಳ ನಿಗಾ, ಅಲ್ಲಿ ಲಜ್ಜೆಗೆ ಅಷ್ಟು ಆಯಸ್ಸಿಲ್ಲ. ಬಾದಲ್ ಅವರ ಕೆಲಸದ ಮೇಲಿನ ಗೌರವ ಇದರಿಂದ ಕಡಿಮೆಯಾಗಬೇಕಿಲ್ಲ. ಆದರೆ ಬೆರಳು ತೋರುವ ಕಲೆಯ ಮಿತಿ ಇಲ್ಲಿದೆ ಎಂದು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಕಾಲವನ್ನೇ ಒಳಗೆ ತೆಗೆದುಕೊಂಡ ಕಲಾಕೃತಿಯೊಂದು ಜರ್ಮನಿಯ ಕಾಸೆಲ್ ನಗರದಲ್ಲಿದೆ. 1943ರ ಬಾಂಬು ದಾಳಿಯಲ್ಲಿ ನೆಲಸಮವಾಗಿ ಮತ್ತೆ ಕಾಂಕ್ರೀಟಿನಲ್ಲಿ ಎದ್ದ ಊರು ಅದು. ಅಲ್ಲಿನ ಡಾಕ್ಯುಮೆಂಟಾ ಕಲಾಪ್ರದರ್ಶನಕ್ಕೆ 1982ರಲ್ಲಿ ಕರೆಬಂದಾಗ ಕಲಾವಿದ ಜೋಸೆಫ್ ಬಾಯ್ಸ್ ಊರಿನಲ್ಲಿ 7,000 ಮರ ನೆಡುವುದೇ ತನ್ನ ಶಿಲ್ಪ ಎಂದ. ಮೊದಲು ಮಾಡಿದ್ದು ಬೇರೆ ಕೆಲಸ: ವಸ್ತುಸಂಗ್ರಹಾಲಯದ ಎದುರಿನ ಹುಲ್ಲುಹಾಸಿನ ಮೇಲೆ 7,000 ಕಪ್ಪುಕಲ್ಲಿನ ಕಂಬಗಳನ್ನು ರಾಶಿ ಸುರಿಸಿದ. ಒಂದು ಮರ ನೆಟ್ಟರೆ ರಾಶಿಯಿಂದ ಒಂದು ಕಲ್ಲು ಎದ್ದುಹೋಗಿ ಆ ಸಸಿಯ ಪಕ್ಕ ನಿಲ್ಲಬೇಕು. ಊರವರು ಸಿಟ್ಟಾದರು, ಚೌಕದಲ್ಲಿ ಈ ಕಲ್ಲಿನ ಗುಡ್ಡೆ ಏನು ಎಂದರು. ಗುಡ್ಡೆ ಹೋಗಬೇಕೆಂದರೆ ಮರ ನೆಡಿ, ಬೇರೆ ದಾರಿಯಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಆ ಊರಿನ ಡ್ಯಾಶ್‌ಬೋರ್ಡ್. ವಿದ್ಯುತ್ತು ಬೇಡ, ಪಾಸ್‌ವರ್ಡ್ ಬೇಡ, ಬಾಕಿ ಕೆಲಸ ಎಷ್ಟೆಂದು ಹಾಲು ತರಲು ಹೊರಟವನಿಗೂ ಕಾಣುತ್ತದೆ, ಅಂಕಿಯನ್ನು ತಿದ್ದಿ ಕಲ್ಲನ್ನು ಮಾಯ ಮಾಡಲು ಬರುವುದಿಲ್ಲ. ಬಾಯ್ಸ್ 1986ರಲ್ಲಿ ತೀರಿಕೊಂಡ. ಕೊನೆಯ ಮರವನ್ನು ಮರುವರ್ಷ ಅವನ ಮಗ ನೆಟ್ಟ. ಕಲ್ಲು ಇದ್ದಷ್ಟೇ ಇದೆ. ಸಸಿಯಾಗಿದ್ದಾಗ ಅದರ ಪಕ್ಕ ದೊಡ್ಡದಾಗಿ ಕಂಡ ಕಂಬ ಈಗ ಮರದ ಬುಡದಲ್ಲಿ ಸಣ್ಣ ಗುರುತಿನಂತೆ ಕೂತಿದೆ. ನಮ್ಮ ವನಮಹೋತ್ಸವಗಳ ಮೇಲೆ ಒಂದು ಹಳೆಯ ಕುಹಕವಿದೆ: ಗುಂಡಿ ಹೋದ ವರ್ಷದ್ದೇ, ಸಸಿ ಮಾತ್ರ ಹೊಸದು. ನೆಟ್ಟದ್ದನ್ನು ಎಣಿಸುತ್ತೇವೆ, ಬದುಕಿದ್ದನ್ನು ಎಣಿಸುವುದಿಲ್ಲ. ಪಕ್ಕದಲ್ಲೊಂದು ಅಲ್ಲಾಡದ ಕಲ್ಲಿದ್ದರೆ ಒಣಗಿದ ಸಸಿ ಅಷ್ಟು ಸುಲಭವಾಗಿ ಲೆಕ್ಕದಿಂದ ಜಾರಿಕೊಳ್ಳಲಾರದು.

ಆದರೂ ಮರವೆಂದರೆ ಎಲ್ಲರಿಗೂ ಪ್ರೀತಿ. ನಗರದ ಜೋಪಾನದ ಬಹುಪಾಲು ಪ್ರೀತಿ ಹುಟ್ಟಿಸದ ಕೆಲಸ: ಚರಂಡಿ, ಕಸ, ಕೊಳಚೆ. ಕಲೆ ಅಲ್ಲಿಗೆ ಇಳಿಯಬಲ್ಲದೇ ಎಂಬುದೇ ನಿಜವಾದ ಪರೀಕ್ಷೆ. ಮಿಯರ್ಲ್ ಲಾಡರ್‌ಮನ್ ಯೂಕಲೀಸ್ ಎಂಬ ಕಲಾವಿದೆ 1969ರಲ್ಲಿ, ಮಗು ಹುಟ್ಟಿದ ಹೊಸತರಲ್ಲಿ, ಜೋಪಾನದ ಕೆಲಸವೇ ಕಲೆ ಎಂದು ಸಾರುವ ಪ್ರಣಾಳಿಕೆ ಬರೆದಳು. ಹೊಸದನ್ನು ಕಟ್ಟುವವರಿಗೆ ಕೀರ್ತಿ, ಕಟ್ಟಿದ್ದನ್ನು ಒರೆಸಿ ತೊಳೆದು ಉಳಿಸುವವರಿಗೆ ತಾತ್ಸಾರ ಏಕೆ ಎಂಬುದು ಅವಳ ಪ್ರಶ್ನೆ. 1977ರಲ್ಲಿ ನ್ಯೂಯಾರ್ಕಿನ ನೈರ್ಮಲ್ಯ ಇಲಾಖೆಗೆ ಕಲಾವಿದೆಯಾಗಿ ಸೇರಿದಳು, ಸಂಬಳವಿಲ್ಲದೆ. ನಗರ ದಿವಾಳಿಯಂಚಿಗೆ ಬಂದು ಕಾರ್ಮಿಕರನ್ನು ಕೆಲಸದಿಂದ ತೆಗೆದ ಕಾಲ ಅದು. 1979-80ರಲ್ಲಿ ಅವಳು ಇಲಾಖೆಯ 8,500 ಕಾರ್ಮಿಕರನ್ನು ಒಬ್ಬೊಬ್ಬರನ್ನಾಗಿ ಕಂಡು, ಕೈಕುಲುಕಿ, ಊರನ್ನು ಬದುಕಿಸಿಟ್ಟಿದ್ದಕ್ಕೆ ಕೃತಜ್ಞತೆ ಹೇಳಿದಳು. ಇದೇ ಕಲಾಕೃತಿ. 1983ರಲ್ಲಿ ಒಂದು ಕಸದ ಲಾರಿಯ ಮೈಗೆಲ್ಲ ಕನ್ನಡಿ ಹಾಕಿಸಿ ಮೆರವಣಿಗೆಯಲ್ಲಿ ಬಿಟ್ಟಳು. ಪಕ್ಕದಲ್ಲಿ ನಿಂತವರಿಗೆ ಕಸದ ಗಾಡಿಯಲ್ಲಿ ತಮ್ಮ ಮುಖವೇ ಕಂಡಿತು. ಕೈಕುಲುಕಿದರೆ ಹೊಟ್ಟೆ ತುಂಬುತ್ತದೆಯೇ ಎಂದು ನಮ್ಮ ಪೌರಕಾರ್ಮಿಕರ ಪರವಾಗಿ ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನರಿಗೆ ಒಬ್ಬ ಪೌರಕಾರ್ಮಿಕರಿರಬೇಕೆಂದು 1976ರಷ್ಟು ಹಿಂದೆಯೇ ಹೇಳಿದ್ದನ್ನು ಜಾರಿಗೆ ತರುವುದು ಯಾವ ಕಲಾಕೃತಿಗಿಂತಲೂ ಮುಖ್ಯ. ಆದರೆ ಅದು ಇಷ್ಟು ವರ್ಷ ಕಾಯಬೇಕಾಗಿ ಬಂದದ್ದು ಏಕೆ? ಬೆಳಿಗ್ಗೆ ಆರು ಗಂಟೆಗೆ ಬೀದಿ ಗುಡಿಸುವವಳು ಊರಿನ ಕಣ್ಣಿಗೆ ಮನುಷ್ಯಳಾಗಿ ಕಂಡಿದ್ದರೆ ಆ ಕಡತ ಅಷ್ಟು ಸುಲಭವಾಗಿ ಧೂಳು ತಿನ್ನುತ್ತಿರಲಿಲ್ಲ. ಸ್ಮಾರ್ಟ್ ನಗರ ಅವಳ ಬೆರಳಚ್ಚನ್ನು ಹಾಜರಿಗೆ ತೆಗೆದುಕೊಂಡಿದೆ. ಬೆರಳಚ್ಚು ಹಿಡಿಯುವುದು ಬೇರೆ, ಕೈ ಹಿಡಿಯುವುದು ಬೇರೆ.

ಇಂಥ ಕೆಲಸಗಳ ಮೇಲೆ ಮೊದಲು ಬರುವ ಆಕ್ಷೇಪ, ಇದು ಕಲೆಯೇ ಎಂಬುದು. ಮೆಲ್ ಚಿನ್ ಎಂಬ ಕಲಾವಿದ ಇದನ್ನು ಕಟುವಾಗಿ ಎದುರಿಸಬೇಕಾಯಿತು. ಅಮೆರಿಕದ ಸೇಂಟ್ ಪಾಲ್ ನಗರದ ಹಳೆಯ ಕಸದ ತಿಪ್ಪೆಯೊಂದರ ಮೇಲೆ ಬೇಲಿ ಹಾಕಿ, ಮಣ್ಣಿನಿಂದ ಕ್ಯಾಡ್ಮಿಯಂ, ಸತುವುಗಳನ್ನು ಹೀರುವ ಗಿಡಗಳನ್ನು ಬೆಳೆಸುವುದು ಅವನ ಯೋಜನೆ. ಜೊತೆಗಿದ್ದವನು ರೂಫಸ್ ಚೇನಿ ಎಂಬ ಮಣ್ಣಿನ ವಿಜ್ಞಾನಿ. ತಜ್ಞರ ಸಮಿತಿ ಒಪ್ಪಿದ ಅನುದಾನವನ್ನು ರಾಷ್ಟ್ರೀಯ ಕಲಾ ಸಂಸ್ಥೆಯ ಅಧ್ಯಕ್ಷರು 1990ರಲ್ಲಿ ತಡೆಹಿಡಿದರು, ಆಮೇಲೆ ಚಿನ್ ಹೋಗಿ ವಾದಿಸಿದ ಮೇಲೆ ಕೊಟ್ಟರು. 1991ರಲ್ಲಿ ಗಿಡ ನೆಟ್ಟರು. ಒಂದು ಬಗೆಯ ಸಣ್ಣ ಕಳೆಗಿಡ ನಿಜಕ್ಕೂ ವಿಷಲೋಹವನ್ನು ಎಲೆಗಳಿಗೆ ಎಳೆದುಕೊಂಡಿತು. ಶಿಲ್ಪಿ ಕಲ್ಲಿನಿಂದ ಬೇಡದ್ದನ್ನು ತೆಗೆಯುತ್ತಾನೆ, ಇಲ್ಲಿ ಗಿಡ ಮಣ್ಣಿನಿಂದ ಬೇಡದ್ದನ್ನು ತೆಗೆಯುತ್ತಿದೆ ಎಂಬುದು ಅವನ ಸಮರ್ಥನೆಯ ತಿರುಳು. ನನಗೆ ಅದು ಒಪ್ಪಿಗೆ. ನಮ್ಮ ಕಲಾಮೀಮಾಂಸೆಗೂ ಇದು ತೀರ ಹೊರಗಿನದಲ್ಲ: ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಗುಡಿಸಿ, ಆಮೇಲೆ ರಂಗೋಲಿ ಇಡುತ್ತಾರೆ, ಗುಡಿಸುವುದು ಎಲ್ಲಿ ಮುಗಿಯಿತು, ಕಲೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಅದು ನಾನು ಆರಂಭದಲ್ಲಿ ಕರೆತಂದ ನೀರುಗಂಟಿಯನ್ನೇ ಹಿಡಿದು ಕೇಳುತ್ತದೆ. ನೀರುಗಂಟಿಗಳು ಬಹುಮಟ್ಟಿಗೆ ದಲಿತರಾಗಿದ್ದರು. ತೂಬಿನ ಕೀಲಿ ಅವರ ಕೈಯಲ್ಲಿತ್ತು, ಅಚ್ಚುಕಟ್ಟಿನ ಗದ್ದೆ ಬೇರೆಯವರದಾಗಿತ್ತು. ಕೆಲಸ ಹುಟ್ಟಿನಿಂದ ಬಂದದ್ದು, ಬಿಡಲು ಬಾರದ್ದು. ಆ ವ್ಯವಸ್ಥೆಯನ್ನು ಹೊಗಳಿ ಹಾಡುವುದು ಅದರ ಕ್ರೌರ್ಯವನ್ನು ತೊಳೆದಂತಾಗುತ್ತದೆ. ಈ ಮಾತನ್ನು ಪೂರ್ತಿಯಾಗಿ ಒಪ್ಪಬೇಕು. ನನಗೆ ಬೇಕಿರುವುದು ನೀರುಗಂಟಿಯ ಕೆಲಸ, ಅವನನ್ನು ಕಟ್ಟಿಹಾಕಿದ ಹಗ್ಗವಲ್ಲ. ಹುಟ್ಟಿನ ಹಗ್ಗ ಬಿಚ್ಚಿದ ಮೇಲೆ ಹೊಣೆಯನ್ನು ಏನು ಹಿಡಿದಿಡುತ್ತದೆ ಎಂಬುದು ಆಧುನಿಕ ನಗರದ ಸಮಸ್ಯೆ. ಸಂಬಳ, ಕಾನೂನು ಇವೆರಡರ ಜೊತೆಗೆ ಮೂರನೆಯದೊಂದು ಬೇಕು ಎಂದೇ ನಾನು ಕಲೆಯ ಕಡೆ ತಿರುಗಿದ್ದು. ಸಂಪಂಗಿ ಕೆರೆಯ ಕತೆ ಇಲ್ಲಿ ನೆರವಿಗೆ ಬರುತ್ತದೆ. ಕಂಠೀರವ ಕ್ರೀಡಾಂಗಣ ನಿಂತಿರುವುದು ಆ ಕೆರೆಯ ಅಂಗಳದಲ್ಲಿ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಅಲ್ಲಿ ಗುರುತಿಗೂ ನೀರಿಲ್ಲ. ಸಂಪಂಗಿಯಲ್ಲಿ ಮಾತ್ರ ಕ್ರೀಡಾಂಗಣದ ಪಕ್ಕ ಒಂದು ಪುಟ್ಟ ಕೊಳ ಉಳಿದಿದೆ. ಅದನ್ನು ಉಳಿಸಿದ್ದು ಯಾವ ಪರಿಸರ ಕಾಯ್ದೆಯೂ ಅಲ್ಲ. ಚೈತ್ರದ ಹುಣ್ಣಿಮೆಯ ಕರಗಕ್ಕೆ ಅಲ್ಲಿನ ನೀರು ಬೇಕು. ಕೆರೆಗಳನ್ನು ನಂಬಿ ತೋಟ ಮಾಡಿಕೊಂಡಿದ್ದ ತಿಗಳರ ಹಬ್ಬ ಅದು. ತೋಟಗಳು ಹೋದವು, ಕೆರೆ ಹೋಯಿತು, ಕುಣಿತ ನೆನಪಿಟ್ಟುಕೊಂಡಿತು. ಅದು ಆಚರಣೆ, ಕಲೆಯಲ್ಲ ಎನ್ನಬಹುದು. ಕಿರೀಟದಂಥ ಮಲ್ಲಿಗೆಯ ಕರಗ ಹೊತ್ತು, ಕೈಯಲ್ಲಿ ಮುಟ್ಟದೆ, ರಾತ್ರಿಯಿಡೀ ನಡೆಯುವುದನ್ನು ಬೇರೆ ಯಾವ ಹೆಸರಿನಿಂದ ಕರೆದರೂ ನನ್ನ ತಕರಾರಿಲ್ಲ. ಇಡೀ ಕೆರೆಯನ್ನು ಕಾಪಾಡಲಾಗದೆ ಒಂದು ಕೊಳವನ್ನಷ್ಟೇ ಉಳಿಸಿಕೊಂಡಿತು ಎಂಬುದು ಅದರ ಸೋಲೂ ಹೌದು.

ಇನ್ನು, ಕಲೆಯನ್ನು ಪಾಲಿಕೆಯೊಳಗೆ ತಂದರೆ ಅದು ಪಾಲಿಕೆಯದೇ ಆಗಿಬಿಡುತ್ತದೆ, ಮೊಸಳೆಯ ಹಲ್ಲು ಕಿತ್ತಂತೆ ಎಂಬ ಅನುಮಾನ. ಚಂಡೀಗಢದ ನೇಕ್ ಚಂದ್ ಇದಕ್ಕೆ ಅರ್ಧ ಉತ್ತರ. ಲ ಕಾರ್ಬೂಸಿಯೆ ಗೆರೆ ಎಳೆದು ಕಟ್ಟಿಸಿದ, ಅಂದಿನ ಲೆಕ್ಕದಲ್ಲಿ ಭಾರತದ ಅತಿ ಜಾಣ ನಗರದಲ್ಲಿ, ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರ್ ಒಬ್ಬ 1950ರ ದಶಕದ ಕೊನೆಯಿಂದ ಕಾಯ್ದಿಟ್ಟ ಸರ್ಕಾರಿ ಕಾಡಿನೊಳಗೆ ಯಾರಿಗೂ ಹೇಳದೆ ಒಡೆದ ಬಳೆ, ಪಿಂಗಾಣಿ ಚೂರು, ಕೆಡವಿದ ಹಳ್ಳಿಗಳ ಅವಶೇಷದಿಂದ ಶಿಲ್ಪಗಳನ್ನು ಮಾಡುತ್ತ ಹೋದ. ಇಲಾಖೆಗೆ ಗೊತ್ತಾದದ್ದು 1970ರ ದಶಕದಲ್ಲಿ. ಕಾನೂನಿನ ಪ್ರಕಾರ ಕೆಡವಬೇಕಿತ್ತು. ಜನರ ಒತ್ತಾಯಕ್ಕೆ 1976ರಲ್ಲಿ ರಾಕ್ ಗಾರ್ಡನ್ ಎಂದು ತೆರೆದು, ಅವನಿಗೆ ಸಂಬಳ, ಆಳುಗಳನ್ನು ಕೊಟ್ಟರು. ದಿಲ್ಲಿಯ ಗುಜರಿ ಐಫೆಲ್ ಗೋಪುರದ ಪಕ್ಕ ಇದನ್ನಿಟ್ಟು ನೋಡಿ: ಇಲ್ಲಿ ಬಳೆಚೂರು ಬಳೆಚೂರಾಗಿಯೇ ಉಳಿದಿದೆ, ಹೊಸ ನಗರಕ್ಕಾಗಿ ಅಳಿದ ಊರುಗಳ ಲೆಕ್ಕ ಹೇಳುತ್ತದೆ. ಸರ್ಕಾರದೊಳಗಿದ್ದೇ ಸರ್ಕಾರದ ನಕ್ಷೆಯಲ್ಲಿಲ್ಲದ್ದನ್ನು ಮಾಡಬಹುದು ಎಂಬುದಕ್ಕೆ ಇದು ಸಾಕ್ಷಿ. ಅರ್ಧ ಉತ್ತರ ಎಂದೆ, ಉಳಿದರ್ಧ ಕಹಿ. 2025ರಲ್ಲಿ ಪಕ್ಕದ ಹೈಕೋರ್ಟಿನ ರಸ್ತೆ, ಪಾರ್ಕಿಂಗ್ ಅಗಲಿಸಲು ಆ ತೋಟದ ಗೋಡೆಯ ಒಂದು ಭಾಗವನ್ನು ಕೆಡವಿದರು.

ದುಡ್ಡಿನ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ಚರಂಡಿಗೇ ದುಡ್ಡಿಲ್ಲದಾಗ ಕಲೆಗೆಲ್ಲಿ ಎನ್ನುತ್ತಾರೆ. ಆದರೆ ಕೆರೆ ಅಭಿವೃದ್ಧಿಯ ಯೋಜನಾ ವರದಿಗಳಲ್ಲಿ ‘ಸೌಂದರ್ಯೀಕರಣ’ ಎಂಬ ಬಾಬ್ತು ಆಗಲೇ ಕೂತಿದೆ. ಗ್ರಾನೈಟ್ ಬೆಂಚು, ಕಾರಂಜಿ, ಬಣ್ಣದ ದೀಪ, ಫೈಬರ್ ಜಿಂಕೆ ಅದರಿಂದಲೇ ಬರುವುದು. ಅದರ ಒಂದು ಸಣ್ಣ ಪಾಲಿನಲ್ಲಿ ವಲಯಕ್ಕೊಬ್ಬ ಕಲಾವಿದರನ್ನು ಐದು ವರ್ಷಕ್ಕೆ ನೇಮಿಸಬಹುದು. ಟೆಂಡರು ಕರೆದು ಒಂದು ಮೂರ್ತಿಗೆ ಇಷ್ಟು ಎಂದು ಕೊಡುವುದಲ್ಲ. ಮೂರ್ತಿ ಮುಗಿಯುತ್ತದೆ, ಗುತ್ತಿಗೆದಾರ ಬಿಲ್ಲು ಪಡೆದು ಹೋಗುತ್ತಾನೆ, ಮೂರನೆಯ ಮಳೆಗೆ ಜಿಂಕೆಯ ಕಿವಿ ಉದುರುತ್ತದೆ. ಐದು ವರ್ಷದ ಕೊನೆಗೆ ತೋರಿಸಲು ಒಂದೇ ಒಂದು ವಸ್ತುವಿಲ್ಲದಿದ್ದರೂ ಪರವಾಗಿಲ್ಲ ಎಂಬ ಮಾತು ಆದೇಶದಲ್ಲೇ ಇರಬೇಕು. ಯೂಕಲೀಸ್ ಕೂಡ ಇಲಾಖೆಗೆ ಸೇರಿದ ಕೂಡಲೇ ಏನನ್ನೂ ಮಾಡಿ ನಿಲ್ಲಿಸಲಿಲ್ಲ, ಲಾರಿಗಳ ಹಿಂದೆ ಓಡಾಡಿದಳು.

ಈ ಹುದ್ದೆ ಯಾವ ಇಲಾಖೆಯಲ್ಲಿರಬೇಕು ಎಂಬ ಸಣ್ಣ ಪ್ರಶ್ನೆ ಉಳಿಯುತ್ತದೆ, ಅದು ಅಷ್ಟೇನೂ ಸಣ್ಣದಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿಟ್ಟರೆ ಕಲಾವಿದರ ಕೆಲಸ ಉತ್ಸವದ ವೇದಿಕೆಯ ಹಿನ್ನೆಲೆ ಬರೆಯುವುದಕ್ಕೆ ಮುಗಿಯುತ್ತದೆ. ಅವರ ಮೇಜು ಇರಬೇಕಾದದ್ದು ರಾಜಕಾಲುವೆ ವಿಭಾಗದ ಕಾರ್ಯಪಾಲಕ ಎಂಜಿನಿಯರರ ಕಚೇರಿಯಲ್ಲಿ, ವಲಯದ ನಕ್ಷೆ ತೂಗುಹಾಕಿದ ಗೋಡೆಯ ಪಕ್ಕ. ಅಲ್ಲಿ ಯಾವ ಕೆರೆಯ ಕೋಡಿ ಯಾವ ಕೆರೆಗೆ ಇಳಿಯುತ್ತದೆ ಎಂಬ ಗೆರೆ ಇರುತ್ತದೆ; ನಡುವೆ ಎಲ್ಲಿ ಆ ಗೆರೆ ನೆಲದ ಮೇಲೆ ಇಲ್ಲವಾಗಿದೆ ಎಂಬುದು ಆ ಕಚೇರಿಯ ಗ್ಯಾಂಗ್‌ಮನ್‌ಗಳಿಗೆ ಗೊತ್ತಿರುತ್ತದೆ. ಮೊದಲ ಮಳೆಗಾಲ ಅವರ ಜೊತೆ ಆ ಗೆರೆಯುದ್ದಕ್ಕೂ ನಡೆಯುವುದರಲ್ಲಿ ಕಳೆದರೆ ಸಾಕು.